ತಲೆಯ ಮೇಲಿಟ್ಟ ಕೈ

ಮೊನ್ನೆ ಕೋಠಿ ಬಜಾರಿನಿಂದ ಬರುವಾಗ ಶೇರ್ ಆಟೋದಲ್ಲಿ ಪಕ್ಕಕ್ಕೆ ಕೂತವರು ಗುಲಾಬಿ ಅತ್ತರು ಹಚ್ಚಿಕೊಂಡಿದ್ದರು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಆ ವಾಸನೆ ಒಬ್ಬ ಪುಢಾರಿಯ ಕೈಯದು... ಅದರ ಹಿಂದೆಯೇ ಮುತ್ಯಾ ನೆನಪಾದ.

ಹೈದರಾಬಾದಿನಲ್ಲಿ ಎಲ್ಲಿ ನೋಡಿದರೂ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಮೈಸೂರಿನಿಂದ ಬಂದಿದ್ದ ನಾನು ಸಾಫ್ಟ್‌ವೇರ್ ಹುಡುಗರಿಗೆ ವೇದಿಕೆಯ ಮೇಲೆ ಹೇಗೆ ನಿಲ್ಲಬೇಕು, ಕೈ ಎಲ್ಲಿಡಬೇಕು ಎಂದು ಹೇಳಿಕೊಡುತ್ತಿದ್ದೆ. ಮನೆಯ ಹಿಂದೆ ಕಲಬುರಗಿ ಕಡೆಯ ಕೂಲಿಗಳ ಗುಡಿಸಲುಗಳಿದ್ದವು. ಅಲ್ಲಿನ ಹಿರಿಯನನ್ನು ಎಲ್ಲರೂ ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದರು, ನಾನೂ ಅಷ್ಟೆ. ತಾಯಿಯಿಲ್ಲದ ಮೊಮ್ಮಗಳನ್ನು ಅವನೇ ಸಾಕುತ್ತಿದ್ದ.

ಚುನಾವಣೆಗೆ ಮುಂಚೆ ಪುಢಾರಿ ಭಾಷಣಕ್ಕೆ ಬಂದ. ಎದೆ ಮುಟ್ಟಿಕೊಂಡ, ದನಿ ತಗ್ಗಿಸಿದ, ಬಾರದ ಕಣ್ಣೀರು ಒರೆಸಿಕೊಂಡ. ಆಮೇಲೆ ಮುತ್ಯಾನ ಮೊಮ್ಮಗಳನ್ನು ವೇದಿಕೆಗೆ ಎತ್ತಿಸಿಕೊಂಡು, ತಲೆಯ ಮೇಲೆ ಕೈಯಿಟ್ಟು, ಈ ಗುಡಿಸಲುಗಳನ್ನು ಯಾರೂ ಮುಟ್ಟುವುದಿಲ್ಲ ಎಂದ. ನನ್ನ ಕ್ಲಾಸಿನಲ್ಲಾಗಿದ್ದರೆ ನೂರಕ್ಕೆ ನೂರು ಕೊಡುತ್ತಿದ್ದೆ.

"ನಂಬಬೇಡಿ ಮುತ್ಯಾ, ಅದೆಲ್ಲ ನಾಟಕ" ಎಂದೆ.

"ಕೂಸಿನ ತಲಿ ಮ್ಯಾಲ ಕೈ ಇಟ್ಟು ಹೇಳ್ಯಾನ್ರೀ ಅಕ್ಕೋರ. ಅದು ಆಣಿ. ಸುಳ್ಳಾದ್ರ ಕೂಸಿಗೆ ತಟ್ಟತೈತಿ. ಅಷ್ಟೂ ತಿಳಿಯಂಗಿಲ್ಲೇನು ಅವ್ರಿಗೆ?"

ಪುಢಾರಿ ಗೆದ್ದ. ಬುಲ್ಡೋಜರ್ ಬಂತು. ಉಳಿದವರು ಪಾತ್ರೆ ಪಗಡ ಹೊತ್ತು ಓಡಿದರು. ಮುತ್ಯಾ ಗುಡಿಸಲಿನ ಕಡೆ ತಿರುಗಿಯೂ ನೋಡದೆ ಮೊಮ್ಮಗಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದ.

ಪುಢಾರಿಯ ಮನೆಗೆ ನಾನೇ ಕರೆದುಕೊಂಡು ಹೋದೆ. ಮುತ್ಯಾ ಗುಡಿಸಲು ಕೇಳಲಿಲ್ಲ, ಜಾಗ ಕೇಳಲಿಲ್ಲ. "ಆಣಿ ವಾಪಸ್ ತಗೋರಿ ಸಾಹೇಬ್ರ, ಕೂಸಿನ ಮ್ಯಾಲ ಬ್ಯಾಡ" ಎಂದು ಕಾಲು ಹಿಡಿದ. ನಾನು ಅದನ್ನು ತೆಲುಗಿನಲ್ಲಿ ಹೇಳಿದೆ. ಪುಢಾರಿಗೆ ನಗು ತಡೆಯಲಾಗಲಿಲ್ಲ. "ಅದಿ ಒಟ್ಟು ಕಾದಮ್ಮಾ, ಆಶೀರ್ವಾದಂ" ಎಂದ. ಆಣೆಯಲ್ಲವಂತೆ, ಆಶೀರ್ವಾದವಂತೆ! ಫೋಟೋದವನು ಕ್ಯಾಮೆರಾ ಎತ್ತಿದ್ದೇ ತಡ, ಹುಡುಗಿಯನ್ನು ಹತ್ತಿರಕ್ಕೆಳೆದು ಮತ್ತೆ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಪಕ್ಕಾ ಮನೆ ಕೊಡಿಸುತ್ತೇನೆ ಎಂದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಆ ಕೈ ಮುರಿಯಬೇಕೆನ್ನಿಸಿತು ನನಗೆ.

ಹೊರಗೆ ಬಂದವನೇ ಮುತ್ಯಾ ಬೀದಿ ನಲ್ಲಿಯ ಕೆಳಗೆ ಮೊಮ್ಮಗಳ ತಲೆ ಹಿಡಿದು ಉಜ್ಜಿದ, ಉಜ್ಜಿದ... ಹುಡುಗಿ ಚೀರಿದರೂ ಬಿಡಲಿಲ್ಲ. ಅತ್ತರಿನ ವಾಸನೆ ಹೋಗಲೂ ಇಲ್ಲ. ಸ್ವಲ್ಪ ದಿನಕ್ಕೇ ಇಬ್ಬರೂ ಊರಿಗೆ ಹೊರಟುಹೋದರು.

ಅವರ ಊರಿನ ಗೌಂಡಿಯೊಬ್ಬ ಈಚೆಗೆ ನಮ್ಮ ಬೀದಿಯಲ್ಲಿ ಗೋಡೆ ಕಟ್ಟಲು ಬಂದಿದ್ದ. ಮುತ್ಯಾ ಹೇಗಿದ್ದಾನೆಂದು ಕೇಳಿದೆ.

"ಮುತ್ಯಾ ಎಲ್ಲಿ ಅದಾನ್ರೀ... ಆ ಹುಡುಗಿಗೆ ಜ್ವರ ಬಂದಾಗೊಮ್ಮೆ ಅನ್ನ ನೀರು ಬಿಡ್ತಿದ್ದ, ಆಣಿ ನನಗ ತಟ್ಟಲಿ ಅಂತ. ಒಮ್ಮಿ ಆಕಿ ಎದ್ಲು, ಅಂವ ಏಳಲಿಲ್ಲ."

ಹುಡುಗಿ ಆರಾಮಾಗಿದ್ದಾಳಂತೆ. ಮುತ್ಯಾ ಇಲ್ಲ ಎನ್ನುವುದು ನನಗಿನ್ನೂ ಒಗ್ಗಿಲ್ಲ. ಪುಢಾರಿ ಮಾತ್ರ ಗುಂಡುಕಲ್ಲಿನ ಹಾಗೆ ಇದ್ದಾನೆ. ಅವನಿಗೆ ಏನೂ ತಟ್ಟಿಲ್ಲ.