ಹಣೆಯ ಉಪ್ಪು

“ಹೋಟೆಲಿನಲ್ಲಿ ಹಿಟ್ಟು ರುಬ್ಬುವವನ ಮಗಳು ಬಿ.ಎಸ್ಸಿ. ಮಾಡುವುದುಂಟಾ? ಆಗುವ ಮಾತಾ ಅದು?” ಎಂದು ನಕ್ಕವರು ನನ್ನ ದೊಡ್ಡಪ್ಪ. ಮುಂಬಯಿಯ ಚೆಂಬೂರಿನ ನಮ್ಮ ಚಾಳಿನ ಸಾಲುಕೋಣೆಗಳಲ್ಲಿ ಗೋಡೆಯಾಚೆಯ ಮಾತೂ ಕೇಳಿಸುತ್ತದೆ. ಅದನ್ನು ಕೇಳಿಸಿಕೊಂಡ ಪಕ್ಕದ ಖೋಲಿಯ ಟೀಚರ್ ಬಂದು, “ನಾಳೆಯಿಂದ ಪುಸ್ತಕ ಹಿಡ್ಕೊಂಡು ಬಾ ಮಗಾ” ಎಂದರು.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ಲೋಕಲ್ ರೈಲು ಇಳಿದು ಬೆವರಿ ಬಂದ ನನ್ನ ಹಣೆಯನ್ನು ಬೆರಳಿನಿಂದ ಒರೆಸಿ, ಆ ಬೆರಳನ್ನು ನಾಲಿಗೆಗೆ ತಾಗಿಸಿ, “ಸರಿ ಉಂಟು” ಎನ್ನುತ್ತಿದ್ದರು.

“ನಾನೇನು ಸಾಂಬಾರಾ ಟೀಚರ್?” ಎಂದು ನಗುತ್ತಿದ್ದೆ.

ಜೀವಕೋಶದ ಪೊರೆಯ ಪಾಠ ಬಂದ ದಿನ ಕಾರಣ ತಿಳಿಯಿತು. “ಪೊರೆ ಅಂದ್ರೆ ಕೊಬ್ಬಿನ ಗೋಡೆ. ಅದರಲ್ಲಿ ಕೂತ ಪ್ರೋಟೀನುಗಳೇ ಬಾಗಿಲು. ಒಂದು ಸಕ್ಕರೆಯನ್ನು ಒಳಗೆ ಬಿಡ್ತದೆ, ಒಂದು ಹೊರಗಿನ ಸುದ್ದಿ ಮುಟ್ಟಿಸ್ತದೆ, ಇನ್ನೊಂದು ಉಪ್ಪಿನದ್ದು” ಎಂದು ಪುಸ್ತಕದಿಂದ ತಲೆಯೆತ್ತಿದರು. “ನನ್ನ ಮಗನಿಗೆ ಆ ಉಪ್ಪಿನ ಬಾಗಿಲು ಹುಟ್ಟಿನಿಂದಲೇ ಕೆಟ್ಟಿತ್ತು. ಹಣೆಗೆ ಮುತ್ತಿಟ್ಟರೆ ಬಾಯೆಲ್ಲ ಕಡಲಿನ ಉಪ್ಪು. ಅದೇ ಕಾಯಿಲೆಯಲ್ಲಿ ಎದೆಯ ಕಫ ಗಟ್ಟಿಯಾಗಿ ತೀರಿಹೋದ.” ಮತ್ತೆ ಪುಟ ತಿರುಗಿಸಿ ಪಾಠ ಮುಂದುವರಿಸಿದರು.

ನನ್ನ ಕೊನೆಯ ಪರೀಕ್ಷೆಗೆ ಮೊದಲೇ ಟೀಚರ್ ತೀರಿಕೊಂಡರು.

ನಮ್ಮ ಮನೆಯ ಮೊದಲ ಡಿಗ್ರಿ ಸರ್ಟಿಫಿಕೇಟನ್ನು ಅಮ್ಮನ ಕೈಗಿಟ್ಟೆ. ಓದಲು ಬಾರದ ಅಮ್ಮ, ಬೀಗ ಬಿದ್ದಿದ್ದ ಪಕ್ಕದ ಖೋಲಿಯತ್ತ ನೋಡಿದರು. ಆಮೇಲೆ ನನ್ನ ಹಣೆಯ ಬೆವರು ಒರೆಸಿ, ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು, “ಸರಿ ಉಂಟು ಮಗಾ” ಎಂದರು.