ಆಸಾಡಿಯ ಸಮುದ್ರ

ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತ ಗುಲಾಬಿಗೆ, ಮೀನಿಗೆ ಗಾಜಿನ ಮನೆ ಕಟ್ಟಿ ಎದುರು ಕುರ್ಚಿ ಹಾಕಿ ಕೂರುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ತಿನ್ನಲಿಕ್ಕಾಗದ ಮೀನನ್ನು ಸಾಕುವವನಿಗೆ ತಲೆ ಸರಿಯಿಲ್ಲ ಎಂಬುದು ಅವಳ ತೀರ್ಮಾನ. ಹಾಲಾಡಿ ಪೇಟೆಯಲ್ಲಿ ಅಂಥವನು ಒಬ್ಬನೇ, ಶೈಲೇಶ. ಮುಂಬೈಯಲ್ಲಿ ಹೋಟೆಲು ನಡೆಸಿ, ಊರಿಗೆ ಬಂದು ಮತ್ತೆ ಹೋಟೆಲನ್ನೇ ತೆರೆದವನು. ಅವಳ ಬುಟ್ಟಿಯ ಅರ್ಧ ಮೀನು ದಿನಾ ಅವನ ಅಡುಗೆಮನೆಗೇ ಹೋಗುತ್ತಿದ್ದುದರಿಂದ ಉರಿಯೆಲ್ಲ ಮೈಯೊಳಗೇ ಉಳಿಯುತ್ತಿತ್ತು.

2009ರ ಮಳೆಗಾಲದಲ್ಲಿ, ಸಿಹಿನೀರಿನ ಬಂಗಾರದ ಮೀನನ್ನು ಸಮುದ್ರದ ನೀರಿಗೆ ಒಗ್ಗಿಸುತ್ತೇನೆಂದು ಶೈಲೇಶ ಹೊರಟ. ಕೆಲವು ಜಾತಿಯವು ನಿಧಾನವಾಗಿ ಒಗ್ಗುತ್ತವೆ ಎಂದು ಕಂಪ್ಯೂಟರಿನಲ್ಲಿ ಓದಿದ್ದನಂತೆ. ಯಾವ ಜಾತಿ ಎಂಬ ಸಾಲು ಬರುವಷ್ಟರಲ್ಲಿ ಕರೆಂಟು ಹೋಗಿರಬೇಕು. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ದೋಣಿ ನಿಲ್ಲುವ ದಕ್ಕೆಯಿಂದ ಕ್ಯಾನುಗಳಲ್ಲಿ ನೀರು ತರಿಸಿ, ದಿನಾ ಇಷ್ಟಿಷ್ಟೇ ಬದಲಿಸುತ್ತ, ಒಂದು ತಿಂಗಳಲ್ಲಿ ಹೋಟೆಲಿನ ಗಾಜಿನ ತೊಟ್ಟಿ ತುಂಬ ಅದೇ ನೀರು ಮಾಡಿದ. ಒಂಬತ್ತೂ ಮೀನು ಬಾಲ ಬೀಸಿಕೊಂಡು ಆರಾಮವಾಗಿದ್ದವು.

ಗುಲಾಬಿ ತೊಟ್ಟಿಗೆ ಬೆರಳದ್ದಿ ನಾಲಗೆಗೆ ತಾಗಿಸಿದಳು. ಆಸಾಡಿಯ, ಅಂದರೆ ಆಷಾಢದ, ನೆರೆಗೆ ಅಳಿವೆಯವರೆಗೂ ಹೊಳೆಯ ಸಿಹಿನೀರೇ ಎಂಬುದು ದಕ್ಕೆಯ ಬೆಕ್ಕಿಗೂ ಗೊತ್ತು.

“ಹ್ವಾಯ್, ಇದ್ರಗೆ ಉಪ್ಪೇ ಇಲ್ಲ. ಇದ್ ಹೊಳಿ ನೀರ್,” ಎಂದಳು.

ಊಟಕ್ಕೆ ಕೂತವರೆಲ್ಲ ಕೇಳುವ ಹಾಗೆ ಅವನು, “ನಿಮ್ಗ್ ಮೀನ್ ಮಾರುಕ್ ಗೊತ್ತಿತ್, ಸಾಂಕುಕ್ ಗೊತ್ತಿಲ್ಲ,” ಎಂದ. ಎಲ್ಲರೂ ನಕ್ಕರು. ಸಮುದ್ರಕ್ಕೆ ಒಗ್ಗಿದ ಮೀನು ನೋಡಲು ಜನ ಬೇರೆ ಬರತೊಡಗಿದರು. ನೀರಿನ ರುಚಿ ತಿಳಿಯದವನ ಎದುರು ತನ್ನ ಮಾತು ಬಿದ್ದುಹೋದದ್ದನ್ನು ಗುಲಾಬಿ ಬೇಸಗೆಯವರೆಗೂ ಮರೆಯಲಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ದಕ್ಕೆಯಲ್ಲಿ ಮೀನು ಆರಿಸುವಾಗ ಶೈಲೇಶನ ಗಾಡಿ ಕಂಡಿತು. ಮಳೆಗಾಲದಿಂದ ನೀರು ಬದಲಿಸದ ತೊಟ್ಟಿ ತೊಳೆದು ಪೂರಾ ಹೊಸ ನೀರು ಹಾಕುವುದಂತೆ. ಅವನ ಆಳು ಕರಿಯ ಹಿಂದಿನ ಜಾಗದಲ್ಲೇ ಕ್ಯಾನು ತುಂಬಿಸುತ್ತಿದ್ದ. ಬೇಸಗೆಯ ಉಬ್ಬರಕ್ಕೆ ಅಳಿವೆಯ ತುಂಬ ಸಮುದ್ರದ ನೀರೇ, ಬಾಯಿಗಿಟ್ಟರೆ ಕಹಿಯಾಗುವಷ್ಟು ಉಪ್ಪು. ಒಂದು ಮಾತು ಹೇಳಿದರೆ ಸಾಕಿತ್ತು. ಗುಲಾಬಿ ಹೇಳಲಿಲ್ಲ. ಮಧ್ಯಾಹ್ನ ಅವನ ಮುಖ ಹೇಗಾದೀತೆಂದು ನೆನೆದು, ಬಸ್ಸಿನಲ್ಲಿ ಹಾಲಾಡಿಯವರೆಗೂ ಒಳಗೊಳಗೇ ನಕ್ಕಳು.

ಅವಳು ಹೋಟೆಲಿಗೆ ಹೋಗುವಾಗ ಎಂಟು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ಶೈಲೇಶ ಬೈಯುತ್ತಿದ್ದ. ಗುಲಾಬಿ ಅವನ ಬೆರಳನ್ನೇ ನೀರಿಗೆ ಅದ್ದಿಸಿ ನೆಕ್ಕಿ ನೋಡಲು ಹೇಳಿದಳು. ನೆಕ್ಕಿದ. ಮುಖ ಹುಳ್ಳಗಾಯಿತು. ಅಷ್ಟು ತಿಂಗಳು ಕಾದ ಮುಖ, ನೋಡಿದ್ದಾಯಿತು.

ಒಂಬತ್ತನೆಯದು ಮೂಲೆಯಲ್ಲಿ ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ಗುಲಾಬಿ ಬಾವಿನೀರು ತರಲು ಕೂಗಿ, ತಾನೇ ಅದನ್ನು ಬೊಗಸೆಯಲ್ಲೆತ್ತಿ ಬಕೆಟ್ಟಿಗೆ ಬಿಟ್ಟಳು. ಬದುಕಿಡೀ ಸತ್ತ ಮೀನನ್ನೇ ಮಾರಿದವಳು ಬಕೆಟ್ಟಿನ ಮೇಲೆ ಬಗ್ಗಿ ನೋಡಿದಳು. ಕಿವಿರು ಎರಡು ಸಲ ಆಡಿ ನಿಂತಿತು.

“ಬೆಳಿಗ್ಗೆ ಕರಿಯ ನಿಮ್ಮನ್ ದಕ್ಕೆಯಗೆ ಕಂಡಿದ್ನಂಬ್ರ್,” ಎಂದ ಶೈಲೇಶ. “ನಿಮ್ಗ್ ಗೊತ್ತಿದ್ದಿತಾ?”

 ಅವನು ದಡ್ಡನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನಿಗೆ ಗೊತ್ತಿರಲಿಲ್ಲ. ಗುಲಾಬಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಗೊತ್ತಿದ್ದಿತ್,” ಎಂದಳು.