ಸಮಾಧಿಯ ಪಕ್ಕದ ಸಿಗ್ನಲ್

ಇಂಟರ್ನೆಟ್ ಬಳಕೆಯ ಸರ್ವೆಗೆ ಹೋಗಿದ್ದೆ. ಬಳ್ಳಾರಿ ಕಂಟೋನ್ಮೆಂಟಿನ ಮನೆಗಳಲ್ಲಿ ಬಾತ್‌ರೂಮಿಗೂ ವೈಫೈ ಇತ್ತು. ಸಿರುಗುಪ್ಪದಾಚೆಯ ಈ ಹಳ್ಳಿಯಲ್ಲಿ ಸಿಗ್ನಲ್ಲೇ ಇಲ್ಲ. ಸಂಜೆಯೊಳಗೆ ಫಾರಂ ಹೋಗದಿದ್ದರೆ ಊರಿಗೆ ಟವರ್ ತಪ್ಪುತ್ತಿತ್ತು.

"ನಮ್ಮ ಹೊಲಕ್ಕ ಬಾರವ್ವಾ, ಅಲ್ಲಿ ಐತಿ" ಎಂದು ಸರ್ವೆಗೆ ಹೋದ ಮನೆಯ ಈರಮ್ಮ ಕರೆದೊಯ್ದು, ಹೊಲದಲ್ಲಿದ್ದ ಗಂಡನ ಸಮಾಧಿಯ ಪಕ್ಕ ಕೂರಿಸಿದರು. ಫೋನಿಗೆ ಜೀವ ಬಂತು.

"ಮನೇಲಿ ನೆಟ್ ಬಳಸೋರು ಎಷ್ಟು ಜನ ಅಮ್ಮಾ?"

"ಇಬ್ರು. ಹಾಸ್ಟೆಲ್ಲಿಂದ ಮಗಳು ವಿಡಿಯೋ ಹಚ್ಚಿದ್ರ ಇವ್ರಿಗೂ ತೋರಸ್ತೀನಿ" ಎಂದು ಸಮಾಧಿ ಸವರಿದರು.

'ಒಂದು' ಎಂದು ಒತ್ತಿದೆ. ಫಾರಂ ಹೋಗಲಿಲ್ಲ. ಮತ್ತೆ ಒತ್ತಿದೆ, ಇಲ್ಲ. ಹೊತ್ತು ಇಳಿಯುತ್ತಿತ್ತು.

"ಸುಳ್ಳ ಬರದಿಯೇನವ್ವಾ?" ಎಂದರು ಈರಮ್ಮ, ಫೋನಿನ ಕಡೆ ನೋಡದೆಯೇ.

'ಎರಡು' ಮಾಡಿದೆ. ತಕ್ಷಣ ಹೋಯಿತು.

ಫಾರಂ ಯಾಕೆ ತಡವಾಯಿತೆಂದು ಕೇಳಿದ್ದಕ್ಕೆ ಆಫೀಸಿನಲ್ಲಿ ಮಾತ್ರ, ನೆಟ್ ಸ್ಲೋ ಇತ್ತು ಸಾರ್ ಅಂದಿದ್ದೇನೆ.